ಎಣ್ಣೆ ತಲೆಯ ಇಇಜಿ

ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಗಿ ಕೆಲವು ವರ್ಷಗಳಾಗಿದ್ದವು. ನಾನಾಗ ನರವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿನಿ. ಆಟಿಸಂ ಇರುವ ಮಕ್ಕಳು ತಾಯಿಯ ದನಿ ಕೇಳಿದಾಗ ಮಿದುಳಿನಲ್ಲಿ ಏನಾಗುತ್ತದೆ, ಅಪರಿಚಿತರ ದನಿ ಕೇಳಿದಾಗ ಏನಾಗುತ್ತದೆ ಎಂಬುದು ನನ್ನ ಅಧ್ಯಯನ. ನನಗೂ ಆಟಿಸಂ ಇದೆ. ಐದು ವರ್ಷ ತುಂಬುವವರೆಗೆ ನಾನು ಮಾತಾಡಿರಲಿಲ್ಲ. ಬಿಡುವಿದ್ದಾಗ ಊರೂರಲ್ಲಿ ತಂದೆತಾಯಿಯರನ್ನು ಸೇರಿಸಿ, ನಿಮ್ಮ ಮಕ್ಕಳನ್ನು ರಿಪೇರಿ ಮಾಡಲು ಹೋಗಬೇಡಿ ಎಂದು ಭಾಷಣ ಬಿಗಿಯುವುದನ್ನೂ ಹಚ್ಚಿಕೊಂಡಿದ್ದೆ.

ದೇವನಹಳ್ಳಿಯಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಗಳೇ ನಮ್ಮ ಪ್ರಯೋಗಶಾಲೆ. ಇಇಜಿ ಪರೀಕ್ಷೆಗೆ ಮಗುವಿನ ತಲೆಗೊಂದು ಟೋಪಿ ಹಾಕುತ್ತೇವೆ. ಅದರಲ್ಲಿರುವ ಎಲೆಕ್ಟ್ರೋಡ್ ಎಂಬ ಪುಟ್ಟ ಬಿಲ್ಲೆಗಳು ಮಿದುಳಿನ ಸೂಕ್ಷ್ಮ ವಿದ್ಯುತ್ತನ್ನು ಗುರುತಿಸುತ್ತವೆ. ನೋವಿಲ್ಲ. ಆದರೆ ನೆತ್ತಿಯಲ್ಲಿ ಎಣ್ಣೆಯಿದ್ದರೆ ಬಿಲ್ಲೆಗಳು ಚರ್ಮಕ್ಕೆ ಸರಿಯಾಗಿ ಅಂಟದೆ ಕೆಲಸ ಕೆಟ್ಟಂತೆಯೇ.

ಸೂಲಿಬೆಲೆ ಕಡೆಯ ರತ್ನಮ್ಮ ಏಳು ವರ್ಷದ ಮಗಳು ಚೈತ್ರಾಳನ್ನು ಕರೆತಂದದ್ದು ಈ ಪರೀಕ್ಷೆಗೇ. ಹುಡುಗಿ ಮಾತಾಡುತ್ತಿರಲಿಲ್ಲ, ಕರೆದರೆ ತಿರುಗುತ್ತಲೂ ಇರಲಿಲ್ಲ.

"ನಾನು ಅವಳಮ್ಮ ಅಂತ ಅವಳಿಗೆ ಗೊತ್ತೈತಾ ಮೇಡಂ? ಮಿಷನ್ನಲ್ಲಿ ನೋಡಿ ಅದೊಂದು ಹೇಳ್ಬಿಡಿ, ಸಾಕು," ಎಂದರು ರತ್ನಮ್ಮ.

ಒಂದೇ ಮಗುವಿನ ಬಗ್ಗೆ ಅಂಥ ಉತ್ತರ ನಮ್ಮ ಪರೀಕ್ಷೆಯಿಂದ ಸಿಗದು, ಹಲವು ಮಕ್ಕಳದ್ದು ಸೇರಿಸಿ ನೋಡಿದರಷ್ಟೇ ಏನಾದರೂ ಹೇಳಬಹುದು ಎಂದು ವಿವರಿಸಿದೆ. ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ.

ಟೆಕ್ನಿಷಿಯನ್ ಮಂಜುನಾಥ್ ಟೋಪಿ ಹಿಡಿದು ಬಂದವರು ಹಾಗೇ ನಿಂತುಬಿಟ್ಟರು. ಚೈತ್ರಾಳ ತಲೆಯಿಂದ ಹರಳೆಣ್ಣೆ ಹಣೆಗಿಳಿಯುತ್ತಿತ್ತು. ಬಿಗಿಯಾದ ಎರಡು ಜಡೆ, ಜಡೆಗೆ ಕನಕಾಂಬರ. ತಲೆ ತೊಳೆದು ಕರೆತನ್ನಿ ಎಂದು ಫೋನಿನಲ್ಲಿ ಹೇಳಿದ್ದೆವು. ರತ್ನಮ್ಮ ಹಿಂದಿನ ದಿನವೇ ತೊಳೆದಿದ್ದರು. ಆದರೆ ಹೆಣ್ಣುಮಗುವನ್ನು ಕೆದರಿದ ತಲೆಯಲ್ಲಿ ಡಾಕ್ಟರ ಮುಂದೆ ನಿಲ್ಲಿಸುವುದುಂಟೆ? ಹೊರಡುವಾಗ ಧಾರಾಳವಾಗಿ ಎಣ್ಣೆ ಹಾಕಿ ಬಾಚಿದ್ದರು.

"ಶಾಂಪೂ ಹಾಕಿ ಇಲ್ಲೇ ತೊಳ್ದ್ಬಿಡೋಣ ಮೇಡಂ," ಎಂದು ಮಂಜುನಾಥ್ ಜಡೆಗೆ ಕೈ ಹಾಕಿದ್ದೇ ತಡ, ಹುಡುಗಿ ಚೀರುತ್ತ ಮೇಜಿನ ಕೆಳಗೆ ನುಗ್ಗಿದಳು.

"ಬೇರೆಯವ್ರು ತಲೆ ಮುಟ್ಟಿದ್ರೆ ಹಿಂಗೇಯ. ಅವ್ರಪ್ಪ ಬಾಚಣಿಗೆ ಹಿಡ್ಕಂಡ್ರೂ ಓಡೋಗ್ತಾಳೆ," ಎಂದು ರತ್ನಮ್ಮ ನಾಚಿಕೆಪಟ್ಟರು.

ತಲೆಯ ಮೇಲೆ ನೀರು ಬಿದ್ದರೆ ನನಗೆ ಈಗಲೂ ಜಲ್ಲಿ ಸುರಿದಂತಾಗುತ್ತದೆ. ಮಂಜುನಾಥರನ್ನು ಹೊರಗೆ ಕಳಿಸಿ, ಮೇಜಿನ ಪಕ್ಕ ನೆಲದ ಮೇಲೆ ಕೂತೆ. ಅಷ್ಟರಲ್ಲಿ ವಿಮಾನವೊಂದು ತೀರಾ ಕೆಳಗೆ ಹಾರಿಹೋಯಿತು. ಚೈತ್ರಾ ಕಿವಿ ಮುಚ್ಚಿಕೊಂಡಳು, ನಾನೂ ಮುಚ್ಚಿಕೊಂಡೆ. ಅವಳು ಓರೆಗಣ್ಣಿನಲ್ಲಿ ನನ್ನ ಕೈಗಳನ್ನೇ ನೋಡಿದಳು. ನನ್ನ ಬಾಲ್ಯದಲ್ಲಿ ಜೊತೆಗೆ ಕಿವಿ ಮುಚ್ಚಿಕೊಳ್ಳುವವರು ಒಬ್ಬರೂ ಇರಲಿಲ್ಲ. ಮತ್ತೆ ಏಳು ವರ್ಷದವಳಾಗಿ ಅವಳ ಪಕ್ಕದಲ್ಲೇ ಇದ್ದುಬಿಡಬೇಕೆಂದು ಆ ಕ್ಷಣ ತುಂಬಾ ಆಸೆಯಾಯಿತು.

ಸದ್ದು ಅಡಗಿದ ಮೇಲೆ ರತ್ನಮ್ಮನವರನ್ನು ಕೇಳಿದೆ: "ಹಾಗಾದ್ರೆ ಈ ಜಡೆ ಹಾಕಿದ್ಯಾರು ಅಕ್ಕ?"

"ನಾನೇಯ. ಎಣ್ಣೆ ಬಾಟ್ಲಿ ಅವಳೇ ತಂದ್ಕೊಟ್ಟು, ನನ್ ಮುಂದೆ ಬೆನ್ನು ಮಾಡಿ ಕೂತ್ಕತಾಳೆ."

"ಹೆತ್ತಪ್ಪನಿಗೂ ಕೊಡದ ತಲೆನ ನಿಮಗೊಬ್ರಿಗೇ ಕೊಡ್ತಾಳೆ. ನೀವು ಯಾರು ಅಂತ ಅವಳಿಗೆ ಗೊತ್ತು. ಇದು ಮಿಷನ್ ಹೇಳ್ತಿರೋದಲ್ಲ, ನಾನು ಹೇಳ್ತಿರೋದು."

ಚೈತ್ರಾ ಮೇಜಿನಡಿಯಿಂದ ತೆವಳಿ ಬಂದು ತಾಯಿಗೆ ಬೆನ್ನು ಕೊಟ್ಟು ಕೂತಳು. ಸಡಿಲವಾಗಿದ್ದ ಜಡೆಯನ್ನು ಅವರು ಬಿಚ್ಚಿ ಮತ್ತೆ ಹೆಣೆಯತೊಡಗಿದರು. ರತ್ನಮ್ಮನವರ ಪ್ರಶ್ನೆಗೆ ಉತ್ತರ ಕೊಟ್ಟಾಯಿತೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

"ಅದು ಸರಿ ಕಣವ್ವ. ಆದ್ರೂ ಒಂದೇ ಒಂದ್ಸಲ ಅಮ್ಮಾ ಅಂದ್ಬಿಟ್ಟಿದ್ರೆ..." ಎಂದರು.

ಮಾತೊಂದೇ ಪ್ರೀತಿಯಲ್ಲ ಎಂಬ ನನ್ನ ಭಾಷಣ ಬಾಯಿಪಾಠವಾಗಿತ್ತು. ಅದನ್ನು ಅಲ್ಲಿ ಒಪ್ಪಿಸಲು ಹೋಗಲಿಲ್ಲ. ನಾನು ಮಾತಾಡದ ಆ ಐದು ವರ್ಷಗಳನ್ನು ನಮ್ಮಮ್ಮ ಹೇಗೆ ಕಳೆದಿರಬಹುದು ಎಂದು ಮೊದಲ ಸಲ ಯೋಚಿಸಿದೆ. ಕೇಳೋಣವೆಂದರೆ ಅವಳು ಆಗಲೇ ಇರಲಿಲ್ಲ.

"ಅವಳು ಒಂದ್ಸಲ ನಿಮ್ಮನ್ನ ಅಮ್ಮಾ ಅನ್ಲಿ ಅಂತ ನಂಗೂ ಆಸೆ ಅಕ್ಕ," ಎಂದೆ.

ಅಂದು ಇಇಜಿ ಆಗಲಿಲ್ಲ. ಟೋಪಿ ಹಾಕಲೂ ಬೇರೆಯವರು ತಲೆ ಮುಟ್ಟಲೇಬೇಕಾದ್ದರಿಂದ ಚೈತ್ರಾಳನ್ನು ಅಧ್ಯಯನದಿಂದ ಕೈಬಿಟ್ಟೆವು. ಮಾತು ಬಾರದ ಮಗುವಿನದೂ ತುಂಬು ಬದುಕೇ ಎಂದು ಈಗಲೂ ಸಭೆಗಳಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಆದರೆ ಆ ಒಂದು ಕೂಗಿಗೆ ಕಾಯುತ್ತಿರುವ ತಾಯಿಗೆ, ಕಾಯಬೇಡಿ ಎಂದು ಹೇಳುವುದನ್ನು ಬಿಟ್ಟಿದ್ದೇನೆ.