ಹತ್ತಿ ಮುಟ್ಟಿದ್ದು ಗೊತ್ತಾಗಲಿಲ್ಲ

"ಶುರು ಮಾಡು ಮಾರಾಯ್ತಿ, ಎಷ್ಟು ಹೊತ್ತು ನಾನು ಕಣ್ಣು ಮುಚ್ಚಿ ಕೂತುಕೊಳ್ಳುವುದು?" ಎಂದು ನಾನೇ ಕಮಲಳನ್ನು ಗದರಿಸಿದೆ.

ನಾವು ನರ್ಸಿಂಗ್ ಕಲಿಯುವವರು. ಹೆಚ್ಚಿನವರು ಮಂಗಳೂರಿನ ಸುತ್ತಲಿನ ಹಳ್ಳಿಗಳಿಂದ ಬಂದವರು. ಮರುದಿನ ಪೇಟೆಯ ಬಿಜೈಯ ಮನೆಗಳಿಗೆ ಲೆಪ್ರಸಿ ಸರ್ವೆಗೆ, ಎಂದರೆ ಕುಷ್ಠ ಇದ್ದವರನ್ನು ಹುಡುಕಲು, ಹೋಗುವುದಿತ್ತು. ಮೊದಲು ನಿಮ್ಮ ನಿಮ್ಮ ಮೈಮೇಲೆಯೇ ಕಲಿಯಿರಿ ಎಂದು ಟ್ಯೂಟರ್ ಸಿಸ್ಟರ್ ಹೇಳಿದ್ದರು. ಒಬ್ಬಳು ಕಣ್ಣು ಮುಚ್ಚಬೇಕು, ಇನ್ನೊಬ್ಬಳು ಹತ್ತಿಯ ಎಳೆಯಿಂದ ಮೆಲ್ಲಗೆ ಮುಟ್ಟಬೇಕು. ಮುಟ್ಟಿದ ಜಾಗವನ್ನು ಮೊದಲಿನವಳು ಬೆರಳಿಟ್ಟು ತೋರಿಸಬೇಕು. ಮುಟ್ಟಿದ್ದು ಗೊತ್ತಾಗದ ಕಲೆಯೇ ಆ ರೋಗದ ಗುರುತು. ನನ್ನ ಮೊಣಕೈಯ ಕೆಳಗೆ ಬಿಳಿಚಿದ ಒಂದು ಕಲೆ ಇತ್ತು. ಊರಲ್ಲಿ ಅಮ್ಮ ಅದನ್ನು ಚಿಬ್ಬು ಎಂದು ತುಳಸಿ ರಸ ಹಚ್ಚುತ್ತಿದ್ದಳು. ಕಲೆಯಿದ್ದರೆ ಕಲಿಯಲು ಒಳ್ಳೆಯದೇ ಎಂದು ನಾನಾಗಿಯೇ ತೋಳು ಚಾಚಿದ್ದೆ.

"ಲೀಲಾ, ನಾನು ಆಗಿನಿಂದ ಮುಟ್ತಾ ಇದ್ದೇನೆ."

ಕಣ್ಣು ತೆರೆದೆ. ಹತ್ತಿ ಕಲೆಯ ಮೇಲೆಯೇ ಇತ್ತು. ಕಣ್ಣಿಗೆ ಕಾಣುತ್ತಿತ್ತು, ಚರ್ಮಕ್ಕೆ ಗೊತ್ತಾಗುತ್ತಿರಲಿಲ್ಲ. ಕಮಲ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಆ ಎಳೆದುಕೊಂಡದ್ದನ್ನು ನಾನು ಇನ್ನೂ ಮರೆತಿಲ್ಲ.

ನಮ್ಮೂರಲ್ಲಿ ಅದರ ಹೆಸರು ಹೇಳುವುದಿಲ್ಲ, ದೊಡ್ಡರೋಗ ಎನ್ನುತ್ತಾರೆ.

ಡಾಕ್ಟರು ಪರೀಕ್ಷೆ ಮಾಡಿದರು. ಮೈಯಲ್ಲಿ ರೋಗಾಣು ಸಿಗಲಿಲ್ಲ, ಇದು ಇನ್ನೊಬ್ಬರಿಗೆ ಹರಡುವ ಜಾತಿಯದಲ್ಲ ಎಂದರು. ಈಗ ಡಿ.ಡಿ.ಎಸ್. ಮಾತ್ರೆ ಬಂದಿದೆ, ಮೊದಲಿನ ಹಾಗೆ ಎಣ್ಣೆಯ ಇಂಜೆಕ್ಷನ್ ಬೇಡ, ಆದರೆ ವರ್ಷಗಟ್ಟಲೆ ನುಂಗಬೇಕು ಎಂದರು. ಇದೆಲ್ಲ ನನಗೆ ಪಾಠದಲ್ಲಿ ಬಂದದ್ದೇ. ಪರೀಕ್ಷೆಯಲ್ಲಿ ಬರೆದು ಶಹಬ್ಬಾಸ್ ಎನಿಸಿಕೊಂಡವಳು ನಾನು. ಆದರೂ ಹಾಸ್ಟೆಲಿನ ಬಚ್ಚಲಲ್ಲಿ ಕೂತು ಆ ಕಲೆಯನ್ನು ಉಗುರಿನಿಂದ ಕೆರೆದೆ. ರಕ್ತ ಬಂತು. ನೋವು ಬರಲಿಲ್ಲ. ದೇವರೇ, ಸ್ವಲ್ಪ ನೋವಾದರೂ ಕೊಡು ಎಂದು ಅತ್ತೆ.

ಹಾಸ್ಟೆಲಿನಲ್ಲಿ ನನ್ನ ಬಟ್ಟಲು ಬೇರೆಯಾಯಿತು. ಯಾರೂ ಹೇಳಲಿಲ್ಲ, ತಾನಾಗಿಯೇ ಬೇರೆಯಾಯಿತು. ಕಮಲಳ ಮಂಚ ಕಿಟಕಿಯ ಬಳಿಗೆ ಹೋಯಿತು. ಗಾಳಿ ಬೇಕಂತೆ. ಹರಡುವುದಿಲ್ಲ ಎಂದು ನನ್ನ ಹಾಗೆಯೇ ಬಾಯಿಪಾಠ ಮಾಡಿದ ಹುಡುಗಿ!

ಸುದ್ದಿ ತಿಳಿದು ಅಪ್ಪ ಬಂದರು. ಒಳಗೆ ಬರಲಿಲ್ಲ, ವೆರಾಂಡದ ಮೆಟ್ಟಿಲ ಮೇಲೆ ಕೂತರು. ನಾಗದೋಷವೇ ಎಂದು ಅಮ್ಮ ನಾಗನಿಗೆ ತಂಬಿಲದ ಪೂಜೆ ಕೊಡಿಸಿದ್ದಳಂತೆ, ನಾಗಬನದ ಪ್ರಸಾದದ ಅರಸಿನಪುಡಿಯನ್ನು ಎಲೆಯಲ್ಲಿ ಕಟ್ಟಿ ಕಳಿಸಿದ್ದಳು. ಅಪ್ಪ ಅದನ್ನು ನನ್ನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟರು. ಇಲ್ಲಿಂದ ಕಳಿಸಿದರೆ ಮನೆಗೆ ಬರುತ್ತೇನೆ ಎಂದೆ.

"ತಂಗಿಗೆ ಒಂದು ಸಂಬಂಧ ಬಂದುಂಟು. ಅದು ಆಗುವವರೆಗೆ ಊರ ಕಡೆ ಬರಬೇಡ ಮಗಾ."

ಅಲ್ಲಿಗೆ ಮನೆ ಮುಗಿಯಿತು.

ಇನ್ನು ಈ ಹಾಸ್ಟೆಲೂ ಹೋದರೆ ನಾನು ಹೋಗುವುದೆಲ್ಲಿಗೆ? ನನ್ನನ್ನು ಇಟ್ಟುಕೊಳ್ಳುವುದೋ ಬೇಡವೋ ಎಂದು ಆಸ್ಪತ್ರೆಯ ದೊಡ್ಡವರು ಕೋಣೆಯೊಳಗೆ ಮಾತಾಡುತ್ತಿದ್ದಾಗ ನಾನು ಹೊರಗೆ ನಿಂತು ಬಾವಿಕಟ್ಟೆಯನ್ನು ನೋಡುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಬಾವಿಯ ಆಳವನ್ನೂ ಯೋಚಿಸಿದೆ. ಸಿಸ್ಟರ್ ಹೊರಗೆ ಬಂದವರೇ, ಸದ್ಯಕ್ಕೆ ವಾರ್ಡ್ ಬೇಡ, ಇಲ್ಲೇ ಇದ್ದು ನಾಳೆಯಿಂದ ಬಿಜೈಯ ಸರ್ವೆಗೆ ಹೋಗು ಎಂದರು. ಸಂತೋಷವಾಗಬೇಕಿತ್ತು. ಬಾವಿಗೆ ಬೆನ್ನು ಹಾಕಿ ಅಲ್ಲೇ ಕೂತುಬಿಟ್ಟೆ.

ಈಗ ಮಾತ್ರೆ ನುಂಗುತ್ತಿದ್ದೇನೆ. ಕಲೆ ದೊಡ್ಡದಾಗಿಲ್ಲ. ತಂಗಿಯ ಮದುವೆ ಆಯಿತೆಂದು ಹೇಳಿಕಳಿಸಿದ್ದಾರೆ. ಬಾ ಎಂದು ಹೇಳಿಕಳಿಸಿಲ್ಲ.

ಮೊನ್ನೆ ಬಿಜೈಯಲ್ಲಿ ಬೀಫಾತುಮ್ಮ ಎಂಬವರ ಮನೆಗೆ ಹೋಗಿದ್ದೆ. ಗಂಡನಿಗೆ ಬಂದರಿನಲ್ಲಿ ಅಂಗಡಿ. ಆಕೆಯ ತೋಳಿನಲ್ಲೂ ಕಲೆ ಉಂಟೆಂದು ಪಕ್ಕದ ಮನೆಯವರು ಹೇಳಿದ್ದರು. ತೋರಿಸಲು ಒಪ್ಪಲಿಲ್ಲ, ಕುಪ್ಪಸದ ತೋಳನ್ನು ಇನ್ನೂ ಕೆಳಗೆ ಎಳೆದುಕೊಂಡರು.

"ನಿಮಗೆಂತ, ಬರೆದುಕೊಂಡು ಹೋಗ್ತೀರಿ. ನಿಮ್ಮನ್ನು ಮನೆಯಿಂದ ಹೊರಗೆ ಹಾಕ್ತಾರಾ?"

ಹತ್ತಿಯನ್ನು ಅವರ ಕೈಗೆ ಕೊಟ್ಟು, ನನ್ನ ಕಲೆ ತೋರಿಸಿ, ಮೆಲ್ಲಗೆ ಮುಟ್ಟಿ ನೋಡಿ ಎಂದು ಕಣ್ಣು ಮುಚ್ಚಿದೆ. ಬಹಳ ಹೊತ್ತು ಏನೂ ಗೊತ್ತಾಗಲಿಲ್ಲ. ಎದ್ದು ಒಳಗೆ ಹೋದರೇನೋ ಎಂದುಕೊಂಡೆ.

"ಮುಟ್ಟಿದಿರಾ?"

"ಮುಟ್ಟಿಯೇ ಇದ್ದೇನೆ, ಮಗಳೇ."

ಕಣ್ಣು ತೆರೆದೆ. ಹತ್ತಿ ಚಾಪೆಯ ಮೇಲೆ ಬಿದ್ದಿತ್ತು. ಕಲೆಯ ಮೇಲಿದ್ದದ್ದು ಅವರ ಬೆರಳು.