ಸೋತ ಬೀದಿಗೆ ಮೊದಲ ನಲ್ಲಿ

ಹಾಸನ ಸೀಮೆಯಲ್ಲಿ ಪಂಚಾಯಿತಿ ಅಧ್ಯಕ್ಷರಾದವರು ಆಕಾಶದ ನಕ್ಷತ್ರಗಳಿಗಿಂತ ಹೆಚ್ಚು. ಅಧಿಕಾರ ನಡೆಸಿದವರು ನಾನು ಕಂಡಂತೆ ಒಬ್ಬರೇ, ಸಾರ್ವಜನಿಕ ಜೀವನದಿಂದ ಇದೀಗ ನಿವೃತ್ತರಾಗುತ್ತಿರುವ ಶ್ರೀಮತಿ ಸುಬ್ಬಮ್ಮನವರು. ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೆ ನಾನು ಭಾಷಣ ಬಿಗಿಯದ ಕಟ್ಟೆಯಿಲ್ಲ, ಮೈಕು ಕೆಟ್ಟರೂ ನನ್ನ ದನಿ ಹೊಳೆನರಸೀಪುರಕ್ಕೆ ಮುಟ್ಟುತ್ತಿತ್ತು. ಅಂಥ ನನ್ನನ್ನೂ ಅವರು ಸಭೆಯಲ್ಲಿ ಕಣ್ಣಲ್ಲೇ ಕೂರಿಸುತ್ತಿದ್ದರು.

ಶಾಂತಿಗ್ರಾಮದಾಚೆಯ ನಮ್ಮ ಪಂಚಾಯಿತಿಯಲ್ಲಿ ಕಾಗದದ ಮೇಲೆ ಪಕ್ಷಗಳಿಲ್ಲ, ಕಾಫಿ ಹೋಟೆಲಿನಲ್ಲಿ ಎರಡಿವೆ. ಮೀಸಲಾತಿಯಿಂದ ಕುರ್ಚಿ ಸುಬ್ಬಮ್ಮನವರಿಗೆ ಬಂದಾಗ, ರುಜು ಅವರದು ರಾಜ್ಯಭಾರ ತಮ್ಮದು ಎಂದು ನಮ್ಮದೇ ಪಕ್ಷದ ಶ್ರೀ ಧರ್ಮೇಂದ್ರ ಅವರು ಮೀಸೆ ತಿರುವಿದರು. ಊರಿಗೆ ಕೊಳಾಯಿ ಬಂದ ವರ್ಷ ಅಮ್ಮನವರು ಹೊಸದೊಂದು ಪದ್ಧತಿ ಹಾಕಿದರು: ತಮಗೆ ಮತ ಕೊಡದ ಬೀದಿಗೆ ಮೊದಲ ನಲ್ಲಿ, ತಮ್ಮ ಕಾಲೋನಿಗೆ ಕೊನೆಯದು. ಗೆದ್ದವರು ನಾವು, ನೀರು ಅವರಿಗೋ ಎಂದು ಧರ್ಮೇಂದ್ರ ಅವರು ಹಾರಾಡಿದರು.

"ಗೆದ್ದೋರ್ ಮನೆಗೆ ಎಂಗಾದ್ರೂ ನೀರು ಬತ್ತದೆ ಕಣಪ್ಪ. ಸೋತೋರ್ಗೂ ಕೊಟ್ರೇನೆ ಅದು ಸರ್ಕಾರ" ಎಂದರು ಸುಬ್ಬಮ್ಮನವರು.

ಪ್ರತಿ ಸಭೆಯಲ್ಲೂ ಕುರ್ಚಿ ಎತ್ತುತ್ತಿದ್ದ ಎದುರು ಪಕ್ಷದ ಶ್ರೀ ರಾಮಣ್ಣನವರು ತಮ್ಮ ಬೀದಿಗೆ ನೀರು ಬಂದ ಮೇಲೆ ಪಕ್ಕದ ಬೀದಿಗೆ ತಾವೇ ಗುದ್ದಲಿ ಹಿಡಿದರು. ಕೊಳಾಯಿ ಕೆಲಸ ಜಗಳವಿಲ್ಲದೆ ಮುಂದೆ ನಡೆಯಿತು. ಆ ಓಡಾಟದ ನಡುವೆಯೂ, ನನ್ನ ತಾಯಿ ಹಾಸನದ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ, ಬಸ್ಸಿನಲ್ಲಿ ನಿಂತು ಮುದ್ದೆ ಸಾರು ಹೊತ್ತು ತಂದವರು ಸುಬ್ಬಮ್ಮನವರೇ. ಮೂರು ತಾಲ್ಲೂಕಿಗೆ ಸಾಕಾಗುವಷ್ಟು ಮಾತುಳ್ಳ ನಾನು ಅಂದು ಮಾತಿಲ್ಲದೆ ಉಂಡೆ.

ಕಾಲೋನಿಯ ಸರದಿ ಬರುವ ಮುನ್ನವೇ ಧರ್ಮೇಂದ್ರ ಅವರು ಅವಿಶ್ವಾಸ ತಂದರು. ರಾಮಣ್ಣನವರ ಕೈಯೊಂದು ಕೆಳಗಿದ್ದರೆ ಕುರ್ಚಿ ಉಳಿಯುತ್ತಿತ್ತು. ನಾನು ಗುಡುಗಿದ ಗುಡುಗಿಗೆ ಕೊರವಂಗಲದ ಗುಡಿಯ ಕಲ್ಲುಗಳೂ ಅಲುಗಿರಬೇಕು. ರಾಮಣ್ಣನವರು ಮಾತ್ರ ಪಕ್ಷದ ಅಪ್ಪಣೆಯಂತೆ, ತಲೆ ತಗ್ಗಿಸಿಯೇ, ಕೈ ಎತ್ತಿದರು.

ಹೊರಗೆ ಜಗಲಿಯ ಮೇಲೆ ಅವರು, "ಪಕ್ಷ ಅಂದ್ಮೇಲೆ ಅಂಗೇ ಕಣಮ್ಮ" ಎಂದರು.

"ಇರ್ಲಿ ಬುಡಣ್ಣ. ನಲ್ಲೀಲಿ ನೀರು ಸರ್ಯಾಗ್ ಬತ್ತದಾ?"

ರಾಮಣ್ಣನವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

ಹೊಸ ಆಡಳಿತವು ಅಮ್ಮನವರ ಪದ್ಧತಿಯನ್ನು ತಲೆಕೆಳಗು ಮಾಡಿ ಗೆದ್ದವರಿಗೆ ಮೊದಲು ಎಂದಿತು. ಕೊಳಾಯಿ ಕಾಲೋನಿಯ ತಿರುವಿನಲ್ಲೇ ನಿಂತಿದೆ. ಉಳಿದ ಅವಧಿಯನ್ನೆಲ್ಲ ಬರೀ ಸದಸ್ಯೆಯಾಗಿ, ಪ್ರತಿ ಸಭೆಯಲ್ಲೂ ಅದನ್ನೇ ಕೇಳುತ್ತ ಕಳೆದ ಸುಬ್ಬಮ್ಮನವರು ಇಂದಿಗೂ ರಾಮಣ್ಣನವರ ಬೀದಿಯ ನಲ್ಲಿಯಿಂದ ಕೊಡ ಹೊರುತ್ತಾರೆ.

ಅವರು ಸಾವಿರ ವರ್ಷ ಬಾಳಲೆಂದು ಬರೆಯಲು ಕೂತವನಿಗೆ ಕೈ ಬರಲಿಲ್ಲ. ಅಷ್ಟು ವರ್ಷ ಕೊಡ ಹೊರಿ ಎಂದು ಹರಸಿದಂತಾಗುತ್ತದೆ. ಗ್ರಾಮಸಭೆಯಲ್ಲಿ ಅವರ ಪ್ರಶ್ನೆ ನಿಲ್ಲದಿರಲಿ. ಅವರ ಮನೆಯ ಮುಂದೆ ನಲ್ಲಿ ಬರಲಿ, ಆ ನೀರು ಕುಡಿದು ಅವರು ಬಹುಕಾಲ ಬಾಳಲಿ.