ಬೆಂಚಿನ ಮೇಲೆ ಕೂತ ಹುಡುಗ

ಅಂದು ಭಾನುವಾರ. ಅಕ್ಕ ಅಂಗಳದಲ್ಲಿ ಮೊರ ಹಿಡಿದು ಮನೆಗೆಂದು ಇಟ್ಟುಕೊಂಡ ಕಾಫಿ ಬೀಜದಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಜಗುಲಿಯಲ್ಲಿ ಕೂತು ಅವಳಿಗೆ ಕಾದಂಬರಿ ಓದಿ ಹೇಳುತ್ತಿದ್ದೆ. ಕಾದಂಬರಿಯ ಹುಡುಗ ಅಪ್ಪನ ಗಡಿಯಾರ ಕದ್ದು ಮಾರಿ, ಮನೆ ಬಿಟ್ಟು ಬಂದು, ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ. ಅಷ್ಟರಲ್ಲಿ ನಮ್ಮ ಹಸು ತೋಟಕ್ಕೆ ನುಗ್ಗಿತೆಂದು ಭಾವ ಕೂಗಿದರು. ಪುಸ್ತಕ ಮಡಚಿಟ್ಟು ಎದ್ದೆ.

"ಹಸ್ದಿರೋ ಹುಡ್ಗನ್ನ ಅಲ್ಲೇ ಕೂರ್ಸಿ ಹೋಗ್ತೀಯೇನೊ?" ಎಂದಳು ಅಕ್ಕ.

"ಬೆಂಚಿದೆ, ಮಲಗ್ತಾನೆ ಬಿಡಕ್ಕ" ಎಂದೆ.

ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಅದು.

ಅಪ್ಪ ಅಮ್ಮ ತೀರಿಕೊಂಡ ಮೇಲೆ ನಾನು ಹಾಸನದ ಕಡೆಯಿಂದ ಬಂದು ಅಕ್ಕನ ಮನೆ ಸೇರಿದವನು. ಭಾವ ಅಮ್ಮತ್ತಿ ಬಳಿಯ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು. ಆಗ ಕೊಡಗು ಇನ್ನೂ ಬೇರೆ ರಾಜ್ಯ. ರಾಜ್ಯವಿತ್ತು, ರೈಲಿರಲಿಲ್ಲ. ನಮ್ಮೂರಿನ ಹುಡುಗರು ಮನೆ ಬಿಟ್ಟು ಓಡಿಹೋಗಬೇಕಾದರೂ ಮೊದಲು ಬಸ್ಸಿಗೆ ಕಾಯಬೇಕಿತ್ತು. ಕಾಯುವಷ್ಟರಲ್ಲಿ ಹಸಿವಾಗಿ ಹಿಂದಕ್ಕೆ ಬರುತ್ತಿದ್ದರು. ಹಾಗಾಗಿ ದೊಡ್ಡ ತಪ್ಪುಗಳನ್ನು ನಾನು ಕಂಡದ್ದು ಪುಸ್ತಕದಲ್ಲೇ. ಅಮ್ಮತ್ತಿಯ ಅಂಗಡಿಯವರೊಬ್ಬರು ತಾವು ಓದಿ ಮುಗಿಸಿದ ಕಾದಂಬರಿಗಳನ್ನು ನನಗೆ ಕೊಡುತ್ತಿದ್ದರು.

ಪುರಾಣದ ಹುಡುಗರು ಐದನೆಯ ವರ್ಷಕ್ಕೇ ಕಾಡಿಗೆ ಹೋಗಿ ದೇವರನ್ನು ಕಂಡು ಬಂದುಬಿಡುತ್ತಾರೆ. ಅವರಿಂದ ನನ್ನಂಥವನು ಕಲಿಯುವುದೇನು? ಕಾದಂಬರಿಯ ಹುಡುಗರು ಹಾಗಲ್ಲ. ಮೂರನೆಯ ಅಧ್ಯಾಯದಲ್ಲಿ ಕೆಡುತ್ತಾರೆ, ಕೊನೆಯ ಅಧ್ಯಾಯದಲ್ಲಿ ಬುದ್ಧಿ ಕಲಿಯುತ್ತಾರೆ. ನಡುವೆ ನೂರಾರು ಪುಟ ಅವರಿಗೆ ಬೈಗುಳ. ಅದು ನಮ್ಮ ಅಕ್ಕನ ಕೆಲಸ.

ಅಕ್ಕನಿಗೆ ಓದಲು ಬಾರದು. ಆದರೆ ಅವಳದೊಂದು ಕಟ್ಟಳೆಯಿತ್ತು: ಕಥೆಯೊಳಗಿನ ಮಕ್ಕಳು ಹಸಿದುಕೊಂಡು ಹೊರಗಿರುವಾಗ ಪುಸ್ತಕ ಮುಚ್ಚಬಾರದು. ಯಾವುದಾದರೂ ಸೂರು, ಒಂದು ತುತ್ತು ಸಿಗುವವರೆಗೆ ಓದಲೇಬೇಕು. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನು ಅವಳು ಒಪ್ಪುತ್ತಿದ್ದಳು, ಆದರೆ ಮೊದಲು ಅನ್ನ ಉಣ್ಣಲಿ ಎನ್ನುತ್ತಿದ್ದಳು.

ಹದಿನೈದರ ವಯಸ್ಸಿನಲ್ಲಿ ಒಮ್ಮೆ ಕಾಫಿ ಒಣಗಿಸುವ ಕಣದ ಹಿಂದೆ ಬೀಡಿ ಸೇದಿ, ಕೆಮ್ಮಿ, ಕಣ್ಣು ಕೆಂಪಗೆ ಮಾಡಿಕೊಂಡು ಬಂದೆ. ಅಕ್ಕ ಏನೆನ್ನುವಳೋ ತಿಳಿಯಬೇಕಿತ್ತು. ಆ ಸಂಜೆ, ಆಗ ಓದುತ್ತಿದ್ದ ಕಾದಂಬರಿಯ ಹುಡುಗನಿಗೂ ಒಂದು ಬೀಡಿ ಕೊಟ್ಟೆ. ಬರೆದವರು ಕೊಟ್ಟಿರಲಿಲ್ಲ. ಹುಡುಗ ಕಣದ ಹಿಂದೆ ಹೋಗಿ ಬೀಡಿ ಹಚ್ಚಿದ ಎಂದು ಗಂಭೀರವಾಗಿ ಓದಿದೆ.

ಅಕ್ಕನ ಕೈಯಲ್ಲಿ ಮೊರ ನಿಂತಿತು. "ಮೈಸೂರು ಪೇಟೆ ಹುಡ್ಗ ಅಂದಿದ್ದೆ. ಅವ್ನ ಮನೇಲೂ ಕಾಫಿ ಕಣ ಐತಾ?"

"ಐತಂತೆ."

"ಹಂಗಾದ್ರೆ ಅವ್ನಿಗೆ ಹೇಳು, ಬಾಯಿ ಮುಕ್ಕಳ್ಸಿ ಉಣ್ಣಾಕೆ ಬರ್ಲಿ. ಇನ್ನೊಂದ್ಸಲ ಮುಟ್ಟಿದ್ರೆ ಅವ್ನ ಭಾವಂಗೆ ಹೇಳ್ತೀನಿ."

ಕಾದಂಬರಿಯ ಹುಡುಗನಿಗೆ ಭಾವನೇ ಇರಲಿಲ್ಲ. ನಾನು ಬಾಯಿ ಮುಕ್ಕಳಿಸಿ ಬಂದೆ.

ಅಂದಿನಿಂದ ನನ್ನ ತಪ್ಪುಗಳಿಗೆಲ್ಲ ಪುಸ್ತಕದಲ್ಲಿ ಜಾಗ ಸಿಕ್ಕಿತು. ಒಡೆದ ಲಾಂದ್ರದ ಗಾಜು, ಲೆಕ್ಕದಲ್ಲಿ ಫೇಲಾದದ್ದು, ಭಾವನಿಗೆ ಹೇಳಿದ ಸುಳ್ಳು. ಪಾಪ, ಆ ಹುಡುಗರು ತಮ್ಮ ಕಷ್ಟದ ಜೊತೆಗೆ ನನ್ನದನ್ನೂ ಹೊತ್ತರು. ಅಕ್ಕ ಅವರನ್ನು ಬೈದಳು, ನಾನು ತಲೆ ತಗ್ಗಿಸಿ ಓದಿದೆ. ನಾವಿಬ್ಬರೂ ಒಮ್ಮೆಯೂ ಆ ಗುಟ್ಟನ್ನು ಬಾಯಿಬಿಟ್ಟು ಆಡಲಿಲ್ಲ.

ಹಸು ತೋಟಕ್ಕೆ ನುಗ್ಗಿದ ಮರುದಿನ ಅಕ್ಕನಿಗೆ ಜ್ವರ ಬಂತು. ಎರಡು ದಿನಕ್ಕೆ ಏರಿತು. ಎಸ್ಟೇಟಿನ ಜೀಪಿನಲ್ಲಿ ಮಡಿಕೇರಿ ಆಸ್ಪತ್ರೆಗೆ ಕರೆದೊಯ್ದರು. ಹತ್ತುವ ಮುಂಚೆ ನನ್ನನ್ನು ಕರೆದು, "ಆ ಹುಡ್ಗನ್ನ ಎಬ್ಬುಸ್ಬೇಡ. ನಾನ್ ಬಂದ್ಮೇಲೆ ಓದುವಂತೆ" ಎಂದಳು.

ಭಾವ ಒಬ್ಬರೇ ಹಿಂತಿರುಗಿದರು.

ನಾನು ಪುಸ್ತಕ ತೆರೆಯಲಿಲ್ಲ. ಅಂಗಡಿಯವರೂ ಅದನ್ನು ಹಿಂದಕ್ಕೆ ಕೇಳಲಿಲ್ಲ. ಕೊಡಗು ಮೈಸೂರಿಗೆ ಸೇರಿತು; ನಾನು ಭಾವನ ಜಾಗದಲ್ಲಿ ರೈಟರಾದೆ. ತಪ್ಪು ಮಾಡುವುದು ನಿಲ್ಲಲಿಲ್ಲ, ಆದರೆ ಅವನ್ನು ಇಡಲು ಜಾಗವಿರಲಿಲ್ಲ. ಬೈಸಿಕೊಳ್ಳದ ತಪ್ಪು ಬಹಳ ದಿನ ಜೊತೆಗೇ ಇರುತ್ತದೆ. ಅದಕ್ಕೆ ಹೋಗು ಎನ್ನುವವರು ಬೇಕು.

ಮೊನ್ನೆ ಕಪಾಟು ಒರೆಸುವಾಗ ಪುಸ್ತಕ ಕೈಗೆ ಬಂತು. ಇಷ್ಟು ವರ್ಷ ಆ ಹುಡುಗ ಬೆಂಚಿನ ಮೇಲೆಯೇ ಕೂತಿದ್ದಾನೆ ಅನ್ನಿಸಿ ಮನಸ್ಸು ತಡೆಯಲಿಲ್ಲ. ಜಗುಲಿಯಲ್ಲಿ ಕೂತು, ಅಭ್ಯಾಸದಂತೆ, ಗಟ್ಟಿಯಾಗಿ ಓದಿದೆ. ಅವನು ಹೋಟೆಲಿನಲ್ಲಿ ಲೋಟ ತೊಳೆದ, ಹೊಸ ಗಡಿಯಾರ ಕೊಂಡ, ಮನೆಗೆ ಬಂದ. ಅಪ್ಪ ಕ್ಷಮಿಸಿದ. ಅಲ್ಲಿಗೆ ಕಥೆ ಮುಗಿಯಿತು. ಬರೆದವರು ಅವನಿಗೆ ಊಟ ಹಾಕುವುದನ್ನು ಮರೆತಿದ್ದಾರೆ.

ನಾನೇ ಒಂದು ಸಾಲು ಸೇರಿಸಿದೆ. ಹುಡುಗ ಕೈಕಾಲು ತೊಳೆದು ಊಟಕ್ಕೆ ಕೂತ ಎಂದು ಓದಿ, ಅಂಗಳದ ಕಡೆ ನೋಡಿದೆ.

ಆ ಸಾಲು ಪುಸ್ತಕದಲ್ಲಿಲ್ಲ ಎಂದು ಕಂಡುಹಿಡಿಯುವವರು ಮನೆಯಲ್ಲಿ ಇಲ್ಲ.